ಬದುವಿನ ನೀಲಗಿರಿ ಸಿಪ್ಪೆ ಬಿಡುತ್ತಿದೆ, ರೋಗವಾ?

ಕಾಲುವೆ ಕೊನೆಯವ
ನಮ್ಮದು ಕಾರಟಗಿ ಕಡೆ ಕಾಲುವೆ ಕೊನೆಯ ಭತ್ತದ ಹೊಲ. ಒಂದು ಮೂಲೆ ಸವಳು-ಜವಳು ಹಿಡಿದಿದೆ, ನೀರು ನಿಂತು ಉಪ್ಪೇರಿದೆ. ಅಲ್ಲೇ ಬದುವಿನ ಮೇಲೆ ಅಪ್ಪ ಹಚ್ಚಿದ ನೀಲಗಿರಿ ಇದೆ. ಈಗ ಸಿಪ್ಪೆ ಉದ್ದುದ್ದ ಪಟ್ಟಿಯಾಗಿ ಸುಲಿದು ಜೋತಾಡುತ್ತಿದೆ, ಒಳಗೆ ಬೂದಿ ಬಳಿದ ಹಾಗೆ ನುಣ್ಣಗಿದೆ. ಹೋದ ಬೇಸಿಗೆಯಲ್ಲಿ ಗಾಳಿಯೇ ಇಲ್ಲದ ಮಧ್ಯಾಹ್ನ ತೊಡೆ ಗಾತ್ರದ ಕೊಂಬೆ ಧೊಪ್ಪಂತ ಬಿತ್ತು, ಆಳುಗಳು ಬುತ್ತಿ ಬಿಚ್ಚೋ ಜಾಗದಲ್ಲೇ! ಕಡಿಸಲಾ? ಇಲ್ಲ ಆ ಮೂಲೆಗೆ ಇನ್ನೂ ನೂರು ಸಸಿ ಹಚ್ಚಲಾ?

ಸಿಂಧನೂರು ಮಣ್ಣು
ಸಿಪ್ಪೆ ಬಿಡೋದು ಅದರ ಗುಣ ಅಣ್ಣಾ, ರೋಗ ಅಲ್ಲ. ಎಲೆ ನರದ ಮೇಲೆ, ತೊಟ್ಟಿನ ಮೇಲೆ ಗಂಟು ಗಂಟಾಗಿದ್ದರೆ ಮಾತ್ರ ಯೋಚನೆ ಮಾಡಿ, ಅದು ಸಣ್ಣ ಕಣಜದ ಹುಳದ ಕೆಲಸ. ಯಾವ ಜಾತಿ ಅಂತ ನೋಡಬೇಕಾದರೆ ಮೊಗ್ಗು ಕಿತ್ತು ನೋಡಿ. ಪ್ರತಿ ಮೊಗ್ಗಿಗೂ ಒಂದು ಟೊಪ್ಪಿ ಇರುತ್ತೆ, ಅದು ಉದುರಿದ ಮೇಲೇ ಹೂವು ಬಿಚ್ಚೋದು. ಟೊಪ್ಪಿ ಕೊಂಬಿನ ಹಾಗೆ ಉದ್ದ ಇದ್ದರೆ ಟೆರೆಟಿಕಾರ್ನಿಸ್, ನಮ್ಮಲ್ಲಿ ಜಾಸ್ತಿ ಇರೋದು ಅದೇ. ಗಿಡ್ಡ, ತುದಿಗೆ ಗುಬ್ಬಿ ಕೊಕ್ಕಿನ ಹಾಗಿದ್ದರೆ ಕಮಾಲ್ಡುಲೆನ್ಸಿಸ್.

ಹೊಳೆ ದಂಡೆ
ಕಮಾಲ್ಡುಲೆನ್ಸಿಸ್ ಆದರೆ ಅದು ಆಸ್ಟ್ರೇಲಿಯಾದ ಹೊಳೆ ಮರ. ನಮಗೆ ಹೊಳೆಮತ್ತಿ ಇದ್ದ ಹಾಗೆ ಅಲ್ಲಿ ಮರ್ರೆ ನದಿ ದಂಡೆಗೆ ಇದೇ, ಮುನ್ನೂರು ನಾನೂರು ವರ್ಷ ಬಾಳುತ್ತೆ, ಹಳೇ ಮರದ ಪೊಟರೆಯಲ್ಲಿ ಗಿಳಿಗಳು ಮರಿ ಮಾಡುತ್ತವೆ. ಬೀಜ ಸಾಸಿವೆಗಿಂತ ಸಣ್ಣದು, ನೆರೆ ಇಳಿದ ಹಸಿ ಮಣ್ಣು ಸಿಕ್ಕರೆ ಗುಂಪಾಗಿ ಮೊಳೆಯುತ್ತೆ. ನೀರು ನಿಂತರೂ ಸ್ವಲ್ಪ ಉಪ್ಪಿದ್ದರೂ ತಾಳೋದು ಅದಕ್ಕೇ. ಕೊಂಬೆ ಸುಮ್ನೆ ಬೀಳೋ ಚಟಾನೂ ಹುಟ್ಟಿನಿಂದಲೇ ಇದೆ, ಅಲ್ಲಿ ಇದರ ಕೆಳಗೆ ಟೆಂಟ್ ಹಾಕಬೇಡಿ ಅಂತ ಹೇಳುತ್ತಾರೆ. ಅಷ್ಟಕ್ಕೂ ಎಲೆ ಕೆಳಮುಖ ಜೋತಿರುತ್ತೆ, ನೆರಳು ಎಲ್ಲಿ ಬರಬೇಕು?

ನೂರು ಸಸಿ ಮಾತ್ರ ಬೇಡ. 2017ರಲ್ಲೇ ನಮ್ಮ ರಾಜ್ಯದಲ್ಲಿ ಹೊಸದಾಗಿ ನೆಡೋದಕ್ಕೆ ತಡೆ ಬಿದ್ದಿದೆ. ಮೊದಲು ಬಸಿಗಾಲುವೆ ತೋಡಿಸಿ, ನೀರು ಹೋಗಲಿ. ಮತ್ತೆ ಬರೀ ಕಡಿದರೆ ಮರ ಸಾಯೋದಿಲ್ಲ, ಬೊಡ್ಡೆಯಿಂದ ಹತ್ತು ಚಿಗುರು ಬರುತ್ತೆ. ನಾನು ಒಮ್ಮೆ ಕಡಿಸಿ ಮರೆತಿದ್ದೆ, ಎರಡು ವರ್ಷಕ್ಕೆ ನನಗಿಂತ ಎತ್ತರ ಪೊದೆ!

ಕಾಲುವೆ ಕೊನೆಯವ
ಮೊಗ್ಗು ನೋಡಿದೆ, ಕೊಕ್ಕೇ. ಮರ ಇರಲಿ, ಹೂ ಬಂದಾಗ ಜೇನು ಚೆನ್ನಾಗಿ ಕೂರುತ್ತೆ. ಬುತ್ತಿ ಜಾಗ ಬೇವಿನ ಕೆಳಗೆ ಬದಲಾಯಿಸಿದ್ದೇವೆ. ಬಸಿಗಾಲುವೆಗೆ ಪಕ್ಕದ ಹೊಲದವರು ಒಪ್ಪಬೇಕು, ಅದೇ ದೊಡ್ಡ ತಲೆನೋವು.