ಸಸ್ಯಸಾರದಲ್ಲಿ ಸೂಚಕ ಸಂಯುಕ್ತ ಕಡಿಮೆ ಬಂದರೆ ಶುದ್ಧ ಸಂಯುಕ್ತವನ್ನು ಬೆರೆಸಿ ಸರಿಪಡಿಸಬಹುದೇ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನೆಲಬೇವಿನ ಸಾರವನ್ನು ಪ್ರಮಾಣೀಕರಿಸುವುದು ನನ್ನ ಸ್ನಾತಕೋತ್ತರ ಪ್ರಬಂಧದ ವಿಷಯ. ಒಣಗಿದ ಗಿಡವನ್ನು ಪುಡಿಮಾಡಿ, ಎಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ಸಾರ ಇಳಿಸಿ, ದ್ರಾವಕವನ್ನು ಆವಿಯಾಗಿಸಿದ ಮೇಲೆ ಉಳಿಯುವ ಪುಡಿಯಲ್ಲಿ ಸೂಚಕ ಸಂಯುಕ್ತವಾದ ಆಂಡ್ರೋಗ್ರಾಫೊಲೈಡ್ ಎಷ್ಟಿದೆ ಎಂಬುದನ್ನು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಸಂಯುಕ್ತಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮ್ಯಾಟೋಗ್ರಫಿ ವಿಧಾನ) ಅಳೆಯುತ್ತಿದ್ದೇನೆ. ಈವರೆಗೆ ಮೂರು ಬ್ಯಾಚ್ ತಯಾರಿಸಿದ್ದೇನೆ. ವಿಧಾನದಲ್ಲಿ ಏನನ್ನೂ ಬದಲಿಸದಿದ್ದರೂ ಮೊದಲನೆಯದರಲ್ಲಿ ಇದ್ದುದರ ಅರ್ಧದಷ್ಟೂ ಮೂರನೆಯದರಲ್ಲಿ ಸಿಗಲಿಲ್ಲ. ಕಚ್ಚಾವಸ್ತುವನ್ನು ಮೂರು ಸಲವೂ ಒಣಗಿದ ಸ್ಥಿತಿಯಲ್ಲೇ ಬೇರೆ ಬೇರೆ ಕಡೆಯಿಂದ ಕೊಂಡಿದ್ದೆ.

ಶುದ್ಧ ಆಂಡ್ರೋಗ್ರಾಫೊಲೈಡನ್ನು ಪ್ರತ್ಯೇಕವಾಗಿ ಕೊಂಡು, ಕಡಿಮೆ ಬಂದ ಬ್ಯಾಚಿಗೆ ಬೆರೆಸಿ ಎಲ್ಲವನ್ನೂ ಒಂದೇ ಶೇಕಡಾವಾರಿಗೆ ತರಬಹುದೆಂದು ಹಿರಿಯ ಸಹಪಾಠಿಯೊಬ್ಬರು ಸೂಚಿಸಿದರು. ಅಂಕಿ ಸರಿಹೋಗುತ್ತದೆ ಎಂಬುದೇನೋ ನಿಜ. ಆದರೆ ಹಾಗೆ ಮಾಡಿದ್ದನ್ನು ಪ್ರಮಾಣೀಕೃತ ಸಾರ ಎಂದು ಕರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಈ ಅಳುಕಿಗೆ ಶಾಸ್ತ್ರೀಯ ಆಧಾರವಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಾರಪರೀಕ್ಷಕ

ಬೆರೆಸಬೇಡಿ. ನಿಮ್ಮ ಅಳುಕು ಸರಿಯಾಗಿಯೇ ಇದೆ. ಸಸ್ಯಸಾರಗಳ ಗುಣಮಟ್ಟ ಪರೀಕ್ಷೆಯಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸುತ್ತೇನೆ.

ಒಂದು ಸಸ್ಯಸಾರದಲ್ಲಿ ನೂರಾರು ಸಂಯುಕ್ತಗಳಿರುತ್ತವೆ. ಅವೆಲ್ಲವನ್ನೂ ಅಳೆಯಲಾಗದ ಕಾರಣ ಒಂದೆರಡನ್ನು ಆರಿಸಿಕೊಂಡು, ಅವು ಸರಿಯಿದ್ದರೆ ಉಳಿದವೂ ಬಹುಮಟ್ಟಿಗೆ ಸರಿಯಿರುತ್ತವೆ ಎಂಬ ನಂಬಿಕೆಯ ಮೇಲೆ ನಡೆಯುತ್ತೇವೆ. ಪಾತ್ರೆಯ ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಚುಕಿ ನೋಡುವ ಹಾಗೆ. ಬೇರೆಡೆ ಬೇಯಿಸಿದ ಅಗುಳನ್ನು ತಂದು ಪಾತ್ರೆಗೆ ಹಾಕಿ, ಅದನ್ನೇ ಹಿಚುಕಿ ನೋಡಿದರೆ ಒಳಗಿನ ಅನ್ನದ ವಿಚಾರ ಏನೂ ತಿಳಿಯುವುದಿಲ್ಲ. ಶುದ್ಧ ಸಂಯುಕ್ತವನ್ನು ಹೊರಗಿನಿಂದ ಸೇರಿಸಿದ ಕ್ಷಣದಿಂದ ನಿಮ್ಮ ಎಚ್‌ಪಿಎಲ್‌ಸಿಯ ಅಂಕಿ ಸಾರದ ಬಗ್ಗೆ ಸಾಕ್ಷಿ ಹೇಳುವುದನ್ನು ನಿಲ್ಲಿಸಿ, ನೀವು ಎಷ್ಟು ಬೆರೆಸಿದಿರಿ ಎಂಬುದನ್ನಷ್ಟೇ ಹೇಳುತ್ತದೆ.

ಔಷಧಗಳ ಗುಣಮಟ್ಟವನ್ನು ನಿಗದಿಪಡಿಸುವ ಗ್ರಂಥವಾದ ಯುರೋಪಿಯನ್ ಫಾರ್ಮಾಕೋಪಿಯಾ ಸಾರಗಳನ್ನು ಮೂರು ಬಗೆಯಾಗಿ ವಿಂಗಡಿಸಿರುವುದನ್ನು ಇಲ್ಲಿ ಗಮನಿಸಬೇಕು. ಔಷಧ ಪರಿಣಾಮಕ್ಕೆ ಕಾರಣವಾದ ಘಟಕ ಖಚಿತವಾಗಿ ತಿಳಿದಿದ್ದರೆ ಮಾತ್ರ ಅದು ಪ್ರಮಾಣೀಕೃತ ಸಾರ. ಸೋನಾಮುಖಿಯ ಸೆನ್ನೊಸೈಡ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಘಟಕದ ಪ್ರಮಾಣವನ್ನು ಔಷಧಗುಣವಿಲ್ಲದ ಪೂರಕ ವಸ್ತುವನ್ನು ಸೇರಿಸಿಯೋ, ಬ್ಯಾಚುಗಳನ್ನು ಒಂದರೊಡನೊಂದು ಬೆರೆಸಿಯೋ ಹೊಂದಿಸುತ್ತಾರೆ. ಕೆಲವು ಘಟಕಗಳು ಪರಿಣಾಮಕ್ಕೆ ನೆರವಾಗುತ್ತವೆ, ಆದರೆ ಪೂರ್ಣ ಹೊಣೆ ಅವುಗಳದ್ದಲ್ಲ ಎನ್ನುವಂತಿದ್ದರೆ ಅದು ಎರಡನೆಯ ಬಗೆ. ಗಿಂಕ್ಗೊ ಎಲೆಯ ಸಾರ ಇದಕ್ಕೆ ಸೇರುತ್ತದೆ. ಇಲ್ಲಿ ಬ್ಯಾಚುಗಳನ್ನು ಬೆರೆಸಿ ನಿಗದಿತ ವ್ಯಾಪ್ತಿಯೊಳಗೆ ತರುತ್ತಾರೆ. ವ್ಯಾಲೇರಿಯನ್ ಬೇರಿನಂತೆ ಯಾವ ಘಟಕ ಕೆಲಸ ಮಾಡುತ್ತದೆಂದು ಬೊಟ್ಟು ಮಾಡಿ ತೋರಿಸಲು ಆಗದಿರುವುದು ಮೂರನೆಯ ಬಗೆ. ಅಲ್ಲಿ ಸಾರವನ್ನು ನಿರ್ಧರಿಸುವುದು ಮುಖ್ಯವಾಗಿ ಅದನ್ನು ತಯಾರಿಸಿದ ಕ್ರಮವೇ: ಯಾವ ದ್ರಾವಕ, ಎಷ್ಟು ಸಾಂದ್ರತೆ, ಎಷ್ಟು ಗಿಡಕ್ಕೆ ಎಷ್ಟು ಸಾರ ಎಂಬ ಅನುಪಾತ. ಮೂರರಲ್ಲಿ ಎಲ್ಲಿಯೂ ಶುದ್ಧ ಸಂಯುಕ್ತವನ್ನು ಹೊರಗಿನಿಂದ ತಂದು ತುಂಬುವುದಕ್ಕೆ ಅವಕಾಶವಿಲ್ಲ.

ಬೆರೆಸಿದ್ದು ಗೊತ್ತಾಗುವುದಿಲ್ಲ ಎಂಬ ಭರವಸೆಯೂ ಬೇಡ. ನೆಲಬೇವಿನಲ್ಲಿ ಆಂಡ್ರೋಗ್ರಾಫೊಲೈಡ್ ಜೊತೆಗೆ ನಿಯೋಆಂಡ್ರೋಗ್ರಾಫೊಲೈಡ್ ಮುಂತಾದ ಬಂಧುಗಳಿವೆ. ಒಂದು ಮಾತ್ರ ಏರಿ ಉಳಿದವು ಕೆಳಗೇ ಇದ್ದರೆ ಕ್ರೊಮ್ಯಾಟೋಗ್ರಫಿಯ ಒಟ್ಟು ಚಿತ್ರವೇ ಅದನ್ನು ತೋರಿಸಿಕೊಡುತ್ತದೆ. ಅರಿಸಿನದ ಸಾರಕ್ಕೆ ಕಾರ್ಖಾನೆಯಲ್ಲಿ ತಯಾರಾದ ಕರ್ಕ್ಯುಮಿನ್ ಸೇರಿಸಿದಾಗ ಅದನ್ನು ಕಾರ್ಬನ್-14ರ ಪ್ರಮಾಣದಿಂದ ಹಿಡಿಯುತ್ತಾರೆ. ಬೆಳೆದ ಗಿಡದಲ್ಲಿ ವಾತಾವರಣದಿಂದ ಬಂದ ಕಾರ್ಬನ್-14 ಇರುತ್ತದೆ, ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ ತಯಾರಾದದ್ದರಲ್ಲಿ ಅದು ಇರುವುದಿಲ್ಲ.

ನಿಮ್ಮ ನಿಜವಾದ ಸಮಸ್ಯೆ ಮೂರನೆಯ ಬ್ಯಾಚಿನ ಅಂಕಿಯಲ್ಲಿಲ್ಲ, ಕಚ್ಚಾವಸ್ತುವಿನಲ್ಲಿದೆ ಎಂಬುದು ನನ್ನ ಅನಿಸಿಕೆ.

ಉತ್ತರ 2: ಸಸ್ಯವರ್ಗೀಕರಣ

ಮೇಲಿನವರ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಮೂರನೆಯ ಸಲ ಕೊಂಡದ್ದು ಪೂರ್ತಿಯಾಗಿ ನೆಲಬೇವೇ ಆಗಿತ್ತೆಂದು ಸಾರ ಇಳಿಸುವ ಮೊದಲು ಖಚಿತಪಡಿಸಿಕೊಂಡಿದ್ದಿರಾ? ಕಿರಾತಕಡ್ಡಿಯ ಹೆಸರಿನಲ್ಲಿ ನೆಲಬೇವು ಮಾರಾಟವಾಗುವುದು ಹಳೆಯ ಸಂಗತಿ. ಎರಡೂ ಕಹಿ, ಒಣಗಿದ ಮೇಲೆ ಎರಡೂ ಬರೀ ಕಡ್ಡಿ. ಆದರೆ ಕಿರಾತಕಡ್ಡಿ ಜೆನ್ಷಿಯಾನೇಸಿ ಕುಟುಂಬದ ಗಿಡ, ಅದರ ಕಹಿಗೆ ಅಮರೊಜೆಂಟಿನ್‌ನಂತಹ ಬೇರೆಯೇ ಸಂಯುಕ್ತಗಳು ಕಾರಣ. ನೆಲಬೇವು ಅಕ್ಯಾಂಥೇಸಿ ಕುಟುಂಬಕ್ಕೆ ಸೇರಿದ್ದು. ಅದರ ಎಲೆಯ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಿಸ್ಟೊಲಿತ್ ಎಂಬ ಸುಣ್ಣದ ಗಂಟುಗಳು ಕಾಣುತ್ತವೆ. ಅರ್ಧ ಗಂಟೆಯ ಕೆಲಸವಿದು.

ಹೆಸರಿನ ಗೊಂದಲವನ್ನು ಹಗುರವಾಗಿ ಕಾಣಬಾರದು. ‘ಬ್ರಾಹ್ಮಿ’ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಇವೆರಡಕ್ಕೂ ಸಸ್ಯಶಾಸ್ತ್ರೀಯವಾಗಿ ಯಾವ ನಂಟೂ ಇಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಬಳಸಿದ ಚೀನೀ ಮೂಲಿಕೆಗಳಲ್ಲಿ ಸ್ಟೆಫಾನಿಯಾ ಇರಬೇಕಾದ ಜಾಗದಲ್ಲಿ ಅರಿಸ್ಟೊಲೋಕಿಯಾ ಸೇರಿಕೊಂಡಿತು. ಚೀನೀ ಭಾಷೆಯಲ್ಲಿ ಎರಡರ ಹೆಸರಿನಲ್ಲೂ ‘ಫಾಂಗ್‌ಜಿ’ ಎಂಬುದಿದೆ. ಸುಮಾರು 100 ಮಹಿಳೆಯರ ಮೂತ್ರಪಿಂಡಗಳು ಹಾಳಾದವು, ಅವರಲ್ಲಿ ಹಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್ ಕಾಣಿಸಿಕೊಂಡಿತು. ಸಾರವನ್ನು ಎಷ್ಟೇ ನಾಜೂಕಾಗಿ ಅಳೆದರೂ ಗಿಡವೇ ಬೇರೆಯಾಗಿದ್ದರೆ ಪ್ರಯೋಜನವೇನು?

ಗಿಡ ಸರಿಯಿದ್ದರೂ ವ್ಯತ್ಯಾಸ ಬರಬಹುದು. ಆಂಡ್ರೋಗ್ರಾಫೊಲೈಡ್ ಕಾಂಡಕ್ಕಿಂತ ಎಲೆಯಲ್ಲಿ ಹೆಚ್ಚು. ಬೀಜ ಉದುರಿ, ಎಲೆ ಕಳೆದುಕೊಂಡ ಮೇಲೆ ಕಿತ್ತ ಗಿಡದಲ್ಲಿ ಕಾಂಡವೇ ಹೆಚ್ಚಾಗಿರುತ್ತದೆ. ಉಳಿದಿರುವ ಮಾದರಿಯಲ್ಲಿ ಎಲೆ ಎಷ್ಟು, ಕಾಂಡ ಎಷ್ಟು ಎಂದು ಬೇರ್ಪಡಿಸಿ ತೂಗಿ ನೋಡಿ. ಮುಂದಿನ ಸಲ ಹೂ ಬಿಡಲು ಆರಂಭಿಸಿದ ಗಿಡವನ್ನು ನೀವೇ ನಿಂತು ಕೀಳಿಸಿ, ಒಂದು ಮಾದರಿಯನ್ನು ಒತ್ತಿ ಒಣಗಿಸಿ ಹರ್ಬೇರಿಯಂನಲ್ಲಿ (ಒಣಗಿದ ಸಸ್ಯಮಾದರಿಗಳ ಸಂಗ್ರಹಾಲಯ) ಸಂಖ್ಯೆಯೊಡನೆ ಇರಿಸಿ. ಡಿಎನ್‌ಎಯಿಂದ ಗಿಡದ ಜಾತಿಯನ್ನು ಗುರುತಿಸುವ ಬಾರ್‌ಕೋಡಿಂಗ್ ಮಾಡಿಸುವುದಾದರೆ ಎಲೆಯಿಂದ ಮಾಡಿಸಿ. ಸಾರದಲ್ಲಿ ಡಿಎನ್‌ಎ ಚೂರುಚೂರಾಗಿರುವುದರಿಂದ ಅಲ್ಲಿ ಬರುವ ಫಲಿತಾಂಶವನ್ನು ನೆಚ್ಚಲಾಗದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಉಳಿದ ಮಾದರಿಯನ್ನು ಬೇರ್ಪಡಿಸಿ ನೋಡಿದೆ. ಮೂರನೆಯದರಲ್ಲಿ ಎಲೆ ಇಲ್ಲವೆನ್ನುವಷ್ಟು ಕಡಿಮೆಯಿದೆ. ಸೂಕ್ಷ್ಮದರ್ಶಕದ ಪರೀಕ್ಷೆಯನ್ನು ಈ ವಾರ ಮಾಡುತ್ತೇನೆ. ಇದರ ಜೊತೆಗೆ ಇನ್ನೊಂದು ಸಂದೇಹ ಹುಟ್ಟಿದೆ. ಇಷ್ಟೆಲ್ಲ ಏರುಪೇರು ಇರುವುದಾದರೆ ಸಾರದ ಗೊಡವೆ ಬಿಟ್ಟು, ಸಕ್ರಿಯ ಸಂಯುಕ್ತವನ್ನು ಶುದ್ಧವಾಗಿ ಬೇರ್ಪಡಿಸಿ ಅದನ್ನೇ ಔಷಧವಾಗಿ ಬೆಳೆಸುವುದು ಹೆಚ್ಚು ಪ್ರಾಮಾಣಿಕವಲ್ಲವೇ?

ಉತ್ತರ 3: ಔಷಧಗುಣ ವಿಜ್ಞಾನದ ಅಧ್ಯಾಪಕಿ

ಕೆಲವು ಗಿಡಗಳಲ್ಲಿ ಹೌದು, ಎಲ್ಲದರಲ್ಲೂ ಅಲ್ಲ.

ಡಿಜಿಟಾಲಿಸ್ ಎಲೆಯನ್ನು ಹೃದ್ರೋಗಕ್ಕೆ ಬಳಸಿದ ತಮ್ಮ ಅನುಭವವನ್ನು ವಿಲಿಯಂ ವಿದರಿಂಗ್ 1785ರಲ್ಲಿ ಪ್ರಕಟಿಸಿದರು. ಗುಣ ಕೊಡುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಅಂತರ ತೀರ ಕಡಿಮೆಯಿರುವ ಆ ಎಲೆಯ ಬಲವನ್ನು ಬಹುಕಾಲ ಕಪ್ಪೆ, ಬೆಕ್ಕು, ಪಾರಿವಾಳಗಳ ಮೇಲೆ ಪ್ರಯೋಗಿಸಿಯೇ ಅಳೆಯಬೇಕಾಗಿತ್ತು. 1930ರಲ್ಲಿ ಡಿಗಾಕ್ಸಿನ್ ಎಂಬ ಸಕ್ರಿಯ ಸಂಯುಕ್ತ ಪ್ರತ್ಯೇಕಗೊಂಡ ಮೇಲೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುವುದು ಸಾಧ್ಯವಾಯಿತು. ಇಂತಹ ಗಿಡದಲ್ಲಿ ಶುದ್ಧ ಸಂಯುಕ್ತವೇ ಸರಿಯಾದ ದಾರಿ. ಮಲೇರಿಯಾದ ಔಷಧವಾದ ಆರ್ಟೆಮಿಸಿನಿನ್ ಕಥೆಯೂ ಅದೇ. ಬಿಸಿ ಮಾಡಿ ತೆಗೆದ ಸಾರಗಳು ನಿರಾಸೆ ಉಂಟುಮಾಡುತ್ತಿದ್ದಾಗ ಚೀನಾದ ವಿಜ್ಞಾನಿ ಟು ಯೂಯೂ ಅವರು ನಾಲ್ಕನೇ ಶತಮಾನದ ಚೀನೀ ವೈದ್ಯ ಗೆ ಹಾಂಗ್ ಗಿಡವನ್ನು ಕುದಿಸದೆ ನೀರಿನಲ್ಲಿ ನೆನೆಸಿ ಹಿಂಡಲು ಹೇಳಿದ್ದನ್ನು ಓದಿ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1972ರಲ್ಲಿ ಶುದ್ಧ ಸಂಯುಕ್ತ ದೊರೆಯಿತು, 2015ರಲ್ಲಿ ಅವರಿಗೆ ನೊಬೆಲ್ ಬಂತು. ಸಾರ ಇಳಿಸುವ ಉಷ್ಣತೆಯೊಂದೇ ಔಷಧವನ್ನು ಉಳಿಸಬಲ್ಲದು ಅಥವಾ ಕೆಡಿಸಬಲ್ಲದು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಪ್ರತಿ ವರ್ಷವೂ ಈ ಪ್ರಸಂಗವನ್ನು ನೆನೆಯುತ್ತೇನೆ.

ಇದಕ್ಕೆ ವ್ಯತಿರಿಕ್ತವಾಗಿ, ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಗಿಡದ ಸಾರವನ್ನು ಬಹುಕಾಲ ಹೈಪರಿಸಿನ್ 0.3 ಶೇಕಡಾ ಇರುವಂತೆ ಮಾರಲಾಯಿತು. ಆಮೇಲೆ ಗಮನ ಅದೇ ಗಿಡದ ಇನ್ನೊಂದು ಸಂಯುಕ್ತವಾದ ಹೈಪರ್‌ಫೋರಿನ್ ಕಡೆಗೆ ಹೊರಳಿತು. ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಸಿವೈಪಿ3ಎ4 ಕಿಣ್ವವನ್ನು ಹೆಚ್ಚಿಸಿ, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೊಸ್ಪೊರಿನ್‌ನಂತಹ ಔಷಧಗಳ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುವುದೂ ಮುಖ್ಯವಾಗಿ ಹೈಪರ್‌ಫೋರಿನ್ನೇ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಇದು ಅಪಾಯಕಾರಿ. ಲೇಬಲ್ಲಿನ ಮೇಲಿದ್ದ ಅಂಕಿ ಒಂದು ಸಂಯುಕ್ತದ್ದು, ರೋಗಿಯ ಮೇಲಾದ ಪರಿಣಾಮ ಇನ್ನೊಂದರದ್ದು. ಸೂಚಕವನ್ನು ಆರಿಸುವಾಗ ಅಳೆಯಲು ಸುಲಭವಾದುದರ ಕಡೆಗೆ ವಾಲುವ ಅಭ್ಯಾಸ ನಮ್ಮ ಕ್ಷೇತ್ರಕ್ಕೆ ಮಾಡಿರುವ ಹಾನಿ ದೊಡ್ಡದು ಎಂದೇ ನಾನು ಭಾವಿಸುತ್ತೇನೆ.

ಸಾರವಾಗಿಯೇ ಉಳಿದು ಔಷಧವಾದವೂ ಇವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2006ರಲ್ಲಿ ಹಸಿರು ಚಹಾದ ಕ್ಯಾಟೆಚಿನ್‌ಗಳ ಮಿಶ್ರಣವನ್ನು ಚರ್ಮಕ್ಕೆ ಹಚ್ಚುವ ಮುಲಾಮಾಗಿಯೂ, 2012ರಲ್ಲಿ ಕ್ರೋಟನ್ ಲೆಕ್ಲೆರಿ ಮರದ ಕೆಂಪು ರಸದಿಂದ ತಯಾರಾದ ಕ್ರೊಫೆಲೆಮರನ್ನು ಎಚ್‌ಐವಿ ಸೋಂಕಿತರ ಅತಿಸಾರಕ್ಕೂ ಒಪ್ಪಿತು. ಕ್ರೊಫೆಲೆಮರ್ ಒಂದೇ ಅಣುವಲ್ಲ, ಬೇರೆ ಬೇರೆ ಉದ್ದದ ಸರಪಳಿಗಳ ಮಿಶ್ರಣ. ಆದ್ದರಿಂದ ರಾಸಾಯನಿಕ ಅಳತೆಯೊಂದನ್ನೇ ನೆಚ್ಚದೆ, ಮರ ಬೆಳೆಯುವ ಪ್ರದೇಶಗಳನ್ನು ಗುರುತಿಸಿ, ರಸ ಸಂಗ್ರಹಿಸುವ ಕ್ರಮವನ್ನು ನಿಗದಿಪಡಿಸಿ, ಜೈವಿಕ ಪರೀಕ್ಷೆಯಲ್ಲಿ ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನೂ ಸೇರಿಸಿ ಗುಣಮಟ್ಟವನ್ನು ಕಾಯಲಾಯಿತು. ನಿಮ್ಮ ಪ್ರಬಂಧಕ್ಕೆ ಮಾದರಿ ಬೇಕಾದರೆ ಇದನ್ನು ನೋಡಿ. ಶುದ್ಧ ಆಂಡ್ರೋಗ್ರಾಫೊಲೈಡ್ ಮತ್ತು ಅಷ್ಟೇ ಆಂಡ್ರೋಗ್ರಾಫೊಲೈಡ್ ಇರುವ ಪೂರ್ಣ ಸಾರ ಇವೆರಡನ್ನೂ ಒಂದೇ ಜೈವಿಕ ಪರೀಕ್ಷೆಗೆ ಒಡ್ಡಿ ಹೋಲಿಸಿದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ನಿಮ್ಮ ಪ್ರಯೋಗಾಲಯದಲ್ಲೇ ಸಿಗುತ್ತದೆ.

ಉತ್ತರ 4: ಸಾರಪರೀಕ್ಷಕ

ಒಂದು ಮಾತು ಬಿಟ್ಟುಹೋಗಿತ್ತು. ಆಂಡ್ರೋಗ್ರಾಫೊಲೈಡ್ ಶಾಖ ಮತ್ತು ತೇವಕ್ಕೆ ಸಿಕ್ಕಿದಾಗ, ಅದರಲ್ಲೂ ಸ್ಫಟಿಕರೂಪದಲ್ಲಿ ಇಲ್ಲದಿದ್ದಾಗ, ನೀರಿನ ಅಣುವನ್ನು ಕಳೆದುಕೊಂಡು 14-ಡಿಆಕ್ಸಿ-11,12-ಡೈಡಿಹೈಡ್ರೊ ರೂಪಕ್ಕೆ ತಿರುಗುತ್ತದೆ. ಮೂರನೆಯ ಬ್ಯಾಚಿನ ಕ್ರೊಮ್ಯಾಟೋಗ್ರಾಮಿನಲ್ಲಿ (ಎಚ್‌ಪಿಎಲ್‌ಸಿ ಕೊಡುವ ರೇಖಾಚಿತ್ರ) ಆ ರೂಪವನ್ನು ತೋರಿಸುವ ಶಿಖರ ಉಳಿದೆರಡು ಬ್ಯಾಚುಗಳಿಗಿಂತ ಎತ್ತರವಾಗಿದ್ದರೆ ಎಲೆಯ ಕೊರತೆಯ ಜೊತೆಗೆ ಶೇಖರಣೆಯ ದೋಷವೂ ಇದೆ ಎಂದು ತಿಳಿಯಬಹುದು. ಹೊಸ ಬ್ಯಾಚ್ ತಯಾರಾದ ಕೂಡಲೇ ಅದರ ಒಂದು ಭಾಗವನ್ನು 40 ಡಿಗ್ರಿ ಸೆಲ್ಸಿಯಸ್ ಮತ್ತು 75 ಶೇಕಡಾ ಆರ್ದ್ರತೆಯಲ್ಲಿಟ್ಟು ಆರು ತಿಂಗಳು ಪರೀಕ್ಷಿಸಿ.

ಪ್ರಶ್ನೆ ಕೇಳಿದವರಿಂದ

ಹಳೆಯ ಕ್ರೊಮ್ಯಾಟೋಗ್ರಾಮ್‌ಗಳನ್ನು ಈಗಷ್ಟೇ ತೆರೆದು ನೋಡಿದೆ. ಆಂಡ್ರೋಗ್ರಾಫೊಲೈಡ್ ಆದ ಮೇಲೆ ಬರುವ, ನಾನು ಹೆಸರಿಡದೆ ಬಿಟ್ಟಿದ್ದ ಒಂದು ಶಿಖರ ಮೂರನೆಯ ಬ್ಯಾಚಿನಲ್ಲಿ ಎದ್ದು ಕಾಣುತ್ತಿದೆ. ಅದು ಇದೇ ಸಂಯುಕ್ತವೇ ಎಂದು ತಿಳಿಯಲು ಅದರ ಪ್ರಮಾಣಿತ ಮಾದರಿಯನ್ನು ತರಿಸುತ್ತಿದ್ದೇನೆ. ಮೂರನೆಯ ಬ್ಯಾಚನ್ನು ಪ್ರಬಂಧದಲ್ಲಿ ಹೇಗಿದೆಯೋ ಹಾಗೆಯೇ, ಕಡಿಮೆ ಬಂದ ಅಂಕಿಯೊಡನೆ ದಾಖಲಿಸುತ್ತೇನೆ.