ಚೀನಾದ ಕತ್ತಿವರಸೆ, ದೆವ್ವ, ನರಿಹೆಣ್ಣು ಇರೋ ಕಥೆಗಳು: ಎಲ್ಲಿಂದ ಶುರು ಮಾಡ್ಲಿ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಈಚೆಗೆ ಚೈನೀಸ್ ಸೀರಿಯಲ್ ನೋಡೋ ಹುಚ್ಚು ಹಿಡಿದಿದೆ, ಹಳೇ ರಾಜರ ಕಾಲ, ಬಿದಿರುಮೆಳೆ ಮೇಲೆ ಹಾರಾಡ್ತಾ ಕತ್ತಿ ಫೈಟು, ನಡುವೆ ಒಂದು ನರಿ ಹೆಣ್ಣಾಗಿ ಬರುತ್ತೆ. ಓದೋಣ ಅಂತ ಹುಡುಕಿದ್ರೆ ಸಾವಿರಾರು ಚಾಪ್ಟರ್ ವೆಬ್ ನಾವೆಲ್‌ಗಳೇ ಸಿಗ್ತವೆ, ಹೀರೋ ಲೆವೆಲ್ ಮೇಲೆ ಲೆವೆಲ್ ಏರ್ತಾ ಹೋಗ್ತಾನೆ ಅಷ್ಟೇ. ಆ ಕಾಲದ ಜನ, ಅವ್ರು ನಂಬಿದ ದೆವ್ವಭೂತ ಎರಡೂ ಇರೋದು ಏನಾದ್ರೂ ಹೇಳ್ರಪ್ಪ.

ಉತ್ತರ 1:
ಕಣ್ಮುಚ್ಕೊಂಡು ಪೂ ಸೊಂಗ್‌ಲಿಂಗ್ ಹಿಡೀರಿ. 1640ರಲ್ಲಿ ಶಾನ್‌ಡಾಂಗ್ ಕಡೆ ಹುಟ್ಟಿದೋರು, ಸರ್ಕಾರಿ ಪರೀಕ್ಷೆಯ ಮೊದಲ ಹಂತ ಚಿಕ್ಕ ವಯಸ್ಸಲ್ಲೇ ಪಾಸಾಗಿ ಮುಂದಿನ ಹಂತದಲ್ಲಿ ಮತ್ತೆ ಮತ್ತೆ ಫೇಲಾಗಿ, ಶ್ರೀಮಂತರ ಮನೇಲಿ ಮೇಷ್ಟ್ರಾಗಿದ್ಕೊಂಡು ಸುಮಾರು 500 ಕಥೆ ಬರೆದ್ರು. ತೀರ್ಕೊಂಡಿದ್ದು 1715, ಪುಸ್ತಕ ಅಚ್ಚಾಗಿದ್ದು 1766. ಅದಕ್ಕೇ ಆ ಕಥೆಗಳ ತುಂಬಾ ಬಡ ವಿದ್ಯಾರ್ಥಿಗಳು, ದುಡ್ಡು ತಿನ್ನೋ ಅಧಿಕಾರಿಗಳು, ಅವರಿಗಿಂತ ಎಷ್ಟೋ ಮರ್ಯಾದಸ್ಥ ನರಿಗಳು.

ಮೊದಲು 'ನಿಯೆ ಶಿಯಾವ್‌ಚಿಯೆನ್' ಓದಿ. ಪಾಳು ಗುಡಿ, ರಾತ್ರಿ ಬರೋ ಸತ್ತ ಹುಡುಗಿ, ಪಕ್ಕದ ಕೋಣೇಲಿ ಒಬ್ಬ ಕತ್ತಿವೀರ. ಅವನು ಕೈ ಎತ್ತೋದೇ ಇಲ್ಲ ರೀ! ಮಲಗಿರ್ತಾನೆ, ಕಿಟಕಿ ಹತ್ರ ಪಿಶಾಚಿ ಬಂದ ತಕ್ಷಣ ಪೆಟ್ಟಿಗೆಯಿಂದ ಎರಡಿಂಚಿನ ಕತ್ತಿ ತಾನೇ ಮಿಂಚಿ ಹಾರಿ ಹೊಡೆದು ವಾಪಸ್ ಬರುತ್ತೆ, ಅವನು ಎದ್ದು ಬೆಳದಿಂಗಳಲ್ಲಿ ಅದನ್ನ ಮೂಸಿ ನೋಡಿ ಮತ್ತೆ ಒಳಗಿಡ್ತಾನೆ. ಯಾವ ಗ್ರಾಫಿಕ್ಸೂ ಇದರ ಮುಂದೆ ನಿಲ್ಲಲ್ಲ.

ಉತ್ತರ 2:
ಮೇಲಿನೋರು ಹೇಳಿದ್ದು ಸರಿ, ಆದ್ರೆ ಪೂ ಅವರಲ್ಲಿ ಫೈಟ್ ಕಮ್ಮಿ, ಒಂದೆರಡು ಸಾಲಲ್ಲಿ ಮುಗಿದೋಗುತ್ತೆ. ಫೈಟ್ ಬೇಕಂದ್ರೆ ಅವರ ಕಥೆಯಿಂದಲೇ ಡೈರೆಕ್ಟರ್ ಕಿಂಗ್ ಹೂ ತೆಗೆದ 'ಎ ಟಚ್ ಆಫ್ ಝೆನ್' ಸಿನಿಮಾ ನೋಡಿ, 1971ರದ್ದು, ಕಾನ್ ಫೆಸ್ಟಿವಲ್‌ನಲ್ಲಿ 1975ರಲ್ಲಿ ಪ್ರಶಸ್ತಿ ಬಂತು. ಬಿದಿರುಮೆಳೆ ಫೈಟ್ ಅಂದ್ರಲ್ಲ, ಅದರಲ್ಲಿರೋದನ್ನ ನೋಡ್ಲೇಬೇಕು.

ಉತ್ತರ 3:
ವಾನರ ಸುನ್ ವುಕಾಂಗ್‌ನ ಮರೆತ್ರಾ? ಅವನಿರೋ ಕಾದಂಬರಿ 'ಪಶ್ಚಿಮದ ಯಾತ್ರೆ', 1592ರ ಮುದ್ರಣ ಈಗಲೂ ಇದೆ, ನೂರು ಅಧ್ಯಾಯ, ಅಧ್ಯಾಯಕ್ಕೊಂದು ರಾಕ್ಷಸ ಅನ್ನೋ ಹಾಗೆ. ಅದರಲ್ಲಿ ಬರೋ ಸನ್ಯಾಸಿ ನಮ್ಮ ಸ್ಕೂಲ್ ಪುಸ್ತಕದ ಹ್ಯೂಯೆನ್ ತ್ಸಾಂಗ್, ಇಮ್ಮಡಿ ಪುಲಕೇಶಿ ಬಗ್ಗೆ ಬರೆದಿಟ್ಟಿರೋನು! ನಿಜವಾದ ಯಾತ್ರೆ ಏಳನೇ ಶತಮಾನದ್ದು, ಸುಮಾರು ಒಂಬೈನೂರು ವರ್ಷ ಜನ ಹೇಳಿ ಹೇಳಿ ಅದಕ್ಕೆ ಕೋತಿ, ಹಂದಿ, ಭೂತ ಎಲ್ಲಾ ಸೇರ್ಕೊಂಡಿವೆ. ನಾನಾದ್ರೆ ಇದನ್ನೇ ಮೊದಲು ಓದ್ತಿದ್ದೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್! ಪೂ ಅವರದ್ದು ಇಂಗ್ಲಿಷಲ್ಲಿ ಯಾವ್ದು ತಗೊಳ್ಲಿ?

ಉತ್ತರ 1:
ಪೆಂಗ್ವಿನ್‌ನವರ ಜಾನ್ ಮಿನ್‌ಫರ್ಡ್ ಅನುವಾದ. ಎಲ್ಲಾ ಕಥೆ ಇಲ್ಲ, ಆಯ್ದ 104 ಇವೆ, ಟಿಪ್ಪಣಿಗಳನ್ನ ಬಿಡದೆ ಓದಿ.