ಹಣಕಾಸಿನ ‘ಓವರ್‌ಸೈಟ್’ಗೆ ‘ಮೇಲ್ವಿಚಾರಣೆ’ ಒಪ್ಪುತ್ತಾ?

ಎಲ್ಲರಿಗೂ ನಮಸ್ಕಾರ.

ಸರ್ಕಾರಿ ದುಡ್ಡಿನ ಲೆಕ್ಕ ನೋಡುವ ವ್ಯವಸ್ಥೆಯನ್ನು ಹೇಗೆ ಬದಲಿಸಿದರೆ ಭ್ರಷ್ಟಾಚಾರಕ್ಕೆ ಕಡಿವಾಣ ಬೀಳುತ್ತದೆ ಅನ್ನುವ ಬಗ್ಗೆ ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ಓವರ್‌ಸೈಟ್’ (ಅಧಿಕಾರದಲ್ಲಿರುವವರ ಕೆಲಸವನ್ನು ಬೇರೆಯವರು ಗಮನಿಸಿ ಜವಾಬು ಕೇಳುವುದು) ಅನ್ನುವ ಪದಕ್ಕೆ ಕನ್ನಡ ಹುಡುಕುವಾಗ ಕೈ ನಿಂತಿದೆ. ಸಾಮಾನ್ಯವಾಗಿ ‘ಮೇಲ್ವಿಚಾರಣೆ’ ಅಂತ ಹಾಕುತ್ತಾರೆ. ನನಗೆ ಅದು ಸರಿ ಕಾಣುತ್ತಿಲ್ಲ.

ಮೇಲ್ವಿಚಾರಕರು ಅಂದರೆ ಕೆಲಸ ಮಾಡಿಸುವವರು, ಅದೇ ಕಚೇರಿಯವರು. ಕೆಲಸ ಕೆಟ್ಟರೆ ಹೆಸರು ಅವರದ್ದೂ ಕೆಡುತ್ತದೆ. ಹಾಗಾಗಿ ಮುಚ್ಚಿಡುವ ಆಸೆ ಅವರಿಗೂ ಇರುತ್ತದೆ, ಅಲ್ವಾ? ಸುಧಾರಣೆಯ ಮಾತು ಹುಟ್ಟುವುದೇ ಇಲ್ಲಿಂದ. ಖರ್ಚು ಮಾಡುವವರ ಹಂಗಿನಲ್ಲಿರುವವರು ಲೆಕ್ಕ ನೋಡಬಾರದು. ಹಲವು ದೇಶಗಳ ಸರ್ಕಾರಿ ಆಡಿಟ್ ಸಂಸ್ಥೆಗಳು ಸೇರಿ ಒಪ್ಪಿದ 1977ರ ಲಿಮಾ ಘೋಷಣೆಯ ತಿರುಳೂ ಇದೇ. ಇಲಾಖೆಯ ಒಳಗಿನ ಆಡಿಟ್ ಆ ಇಲಾಖೆಯ ಮುಖ್ಯಸ್ಥರ ಕೆಳಗೇ ಇರುತ್ತದೆ, ಆದರೂ ಅದಕ್ಕೆ ಆದಷ್ಟು ಸ್ವಾತಂತ್ರ್ಯ ಬೇಕು ಅನ್ನುತ್ತದೆ ಆ ಘೋಷಣೆ.

‘ಉಸ್ತುವಾರಿ’ ಇನ್ನೂ ಕಷ್ಟ. ಉಸ್ತುವಾರಿ ಹೊತ್ತವರನ್ನೇ ತಾನೇ ಪ್ರಶ್ನಿಸಬೇಕಿರುವುದು! ‘ಕಣ್ಗಾವಲು’ ಅಂದರೆ ಕ್ಯಾಮೆರಾ, ಪೊಲೀಸು ನೆನಪಾಗುತ್ತವೆ. ‘ನಿಗಾ’ ಚೆನ್ನಾಗಿದೆ, ಚಿಕ್ಕದೂ ಹೌದು. ಆದರೆ ನಿಗಾ ಇಟ್ಟವರು ನೋಡಿ ಸುಮ್ನೆ ಇದ್ದುಬಿಡಬಹುದು. ಜವಾಬು ಕೇಳುವ ಹಕ್ಕು ಅದರಲ್ಲಿಲ್ಲ.

ಹಾಗಂತ ‘ಲೆಕ್ಕಪರಿಶೋಧನೆ’ ಅಂದುಬಿಟ್ಟರೂ ಅರ್ಧವೇ ಹೇಳಿದಂತೆ. ಪರಿಶೋಧಕರು ವರದಿ ಕೊಟ್ಟ ಮೇಲೆ ಅಧಿಕಾರಿಗಳನ್ನು ಕರೆಸಿ ಕೇಳುವವರು ಬೇರೆ ಬೇಕು. ಬ್ರಿಟನ್ನಿನಲ್ಲಿ 1861ರಲ್ಲಿ, ಭಾರತದಲ್ಲಿ 1921ರಲ್ಲಿ ಬಂದ, ಶಾಸನಸಭೆಯ ಸದಸ್ಯರಿರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕೆಲಸ ಅದು. ಅದರ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಕೊಡುವ ರೂಢಿ ಎರಡೂ ಕಡೆ ಇದೆ. ಇದನ್ನು ಮೇಲ್ವಿಚಾರಣೆ ಅನ್ನೋಕಾಗುತ್ತಾ? (ಹುದ್ದೆಯ ಹೆಸರೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಸರ್ಕಾರಿ ಲೆಕ್ಕ ನೋಡುವ ಮುಖ್ಯ ಅಧಿಕಾರಿ ಸಿಎಜಿ, ಅಂದರೆ ‘ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕ’; ಆ ಹೆಸರಿನಲ್ಲಿ ‘ನಿಯಂತ್ರಕ’ ಇದೆ. ಆದರೆ ಖಜಾನೆಯಿಂದ ಹಣ ಬಿಡುವ ಮುಂಚೆ ಒಪ್ಪಿಗೆ ಕೊಡುವ ಕೆಲಸ ಬ್ರಿಟನ್ನಿನ ಸಿಎಜಿಗಿದೆ, ಭಾರತದ ಸಿಎಜಿಗಿಲ್ಲ.)

ನನಗೆ ಹೊಳೆದದ್ದು ‘ಲೆಕ್ಕ ಕೇಳುವ ವ್ಯವಸ್ಥೆ’. ‘ಲೆಕ್ಕ ಕೇಳು’ ಅನ್ನುವುದರಲ್ಲಿ ದುಡ್ಡೂ ಇದೆ, ಜವಾಬೂ ಇದೆ. ಕೇಳುವವರು ಮೇಲಧಿಕಾರಿಯೇ ಆಗಿರಬೇಕಿಲ್ಲ. ತೊಂದರೆ ಅಂದರೆ ಇದು ಉದ್ದ, ಕಾನೂನಿನ ಬರಹಕ್ಕೆ ಸ್ವಲ್ಪ ಸಡಿಲ. ‘ಮೇಲ್ವಿಚಾರಣೆ’ಯನ್ನು ಕಚೇರಿಯೊಳಗಿನ ನಿಯಂತ್ರಣಕ್ಕೇ ಉಳಿಸಿಕೊಳ್ಳಬಹುದು: ಬಿಲ್ ತಯಾರಿಸಿದವರೇ ಅದನ್ನು ಮಂಜೂರು ಮಾಡದಂತೆ ನೋಡಿಕೊಳ್ಳುವುದು, ಇಂಥವಕ್ಕೆ. ಇದಕ್ಕಿಂತ ಬಿಗಿಯಾದ ಪದ ಯಾರಿಗಾದರೂ ಹೊಳೆಯುತ್ತಾ?

ಇನ್ನೊಂದು, ಆಡಿಟ್ ಕೆಲಸ ಬಲ್ಲವರಿಗೆ. ಆಕ್ಷೇಪಣೆ ‘ತಿರುವಳಿ’ ಆಯಿತು ಅಂದಾಗ ಉತ್ತರ ಒಪ್ಪಿ ಕಡತ ಮುಚ್ಚಿದರು ಅಂತಲೋ, ಹೋದ ದುಡ್ಡು ವಾಪಸ್ ಬಂತು ಅಂತಲೋ? ಓದುವವರಿಗೆ ಈ ಎರಡೂ ಬೇರೆ ಬೇರೆಯಾಗಿ ಕಾಣಬೇಕು. ಕಚೇರಿಗಳಲ್ಲಿ ಇವಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ತಿಳಿಸಿ.